ಲೋನ್ ರಿಜೆಕ್ಟ್ ಮಾಡಿದ್ದು ಮ್ಯಾನೇಜರಾ, ಮಷೀನಾ?

ಪ್ರಶ್ನೆ: ಸಾರ್, ಪರ್ಸನಲ್ ಲೋನಿಗೆ ಆಪ್‌ನಲ್ಲಿ ಅಪ್ಲೈ ಮಾಡಿದೆ, ಎರಡೇ ನಿಮಿಷಕ್ಕೆ "ನಮ್ಮ ಆಂತರಿಕ ಮಾನದಂಡಕ್ಕೆ ಹೊಂದಿಕೆಯಾಗುತ್ತಿಲ್ಲ" ಅಂತ ಮೆಸೇಜ್ ಬಂತು. ಬ್ರಾಂಚಿಗೆ ಹೋಗಿ ಕೇಳಿದ್ರೆ ಸಿಸ್ಟಮ್ ರಿಜೆಕ್ಟ್ ಮಾಡಿದೆ, ನಮ್ಮ ಕೈಲಿಲ್ಲ ಅಂದ್ರು. ಇದು ಎಐ ಮಾಡಿದ್ದಾ? ಹಾಗಿದ್ರೆ ಬ್ಯಾಂಕ್ ನಮಗೆ ಹೇಳ್ಬೇಕಲ್ವಾ?

ಉತ್ತರ: ಎರಡು ನಿಮಿಷದಲ್ಲಿ ಉತ್ತರ ಬಂದಿದೆ ಅಂದ್ರೆ ಮನುಷ್ಯರ್ಯಾರೂ ನಿಮ್ಮ ಅರ್ಜಿ ಓದಿರಲ್ಲ, ಅದು ಹೆಚ್ಚುಕಮ್ಮಿ ಗ್ಯಾರಂಟಿ. ಹಾಗಂತ ಎಐ ಅಂತ್ಲೇ ಹೇಳಕ್ಕಾಗಲ್ಲ. ಅರ್ಜಿಗೆ ಅಂಕ ಹಾಕೋದು ಹಳೇ ಪದ್ಧತಿ, ಅಮೆರಿಕದ ಫೈಕೋ ಸ್ಕೋರ್ 1989ರಲ್ಲೇ ಬಂದಿತ್ತು: ಬಾಕಿ ಎಷ್ಟಿದೆ, ಕಂತು ತಪ್ಪಿದೆಯಾ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ, ಎಲ್ಲ ಕೂಡಿ ಕಳೆದು ಒಂದು ನಂಬರ್. ಈಗಿನ ಮಷೀನ್ ಲರ್ನಿಂಗ್ ಮಾಡೆಲ್‌ಗಳು, ಅಂದ್ರೆ ಹಳೇ ಮಾಹಿತಿ ನೋಡಿ ತಾವೇ ಲೆಕ್ಕ ಕಲಿಯೋ ಎಐ, ಇನ್ನೂ ಎಷ್ಟೋ ವಿಷಯ ಒಟ್ಟಿಗೆ ನೋಡ್ತವೆ, ಯಾವುದರಿಂದ ನಿಮಗೆ ಏಟು ಬಿತ್ತು ಅಂತ ಬ್ರಾಂಚಿನವರಿಗೆ ಗೊತ್ತಿರಲ್ಲ, ಕೆಲವು ಸಲ ಮಾಡೆಲ್ ಮಾಡಿದವರಿಗೂ ಒಂದೇ ಮಾತಲ್ಲಿ ಹೇಳಕ್ಕೆ ಬರಲ್ಲ.

ಅದಕ್ಕೇ "ಎಐ ಬಳಸಿದ್ರಾ" ಅಂತ ಕೇಳ್ಬೇಡಿ. ಹೌದು ಅಂತಾರೆ, ಆಮೇಲೆ? "ನನ್ನ ಯಾವ ಮಾಹಿತಿ ನೋಡಿ ಬೇಡ ಅಂದ್ರಿ" ಅಂತ ಕೇಳಿ, ಅದೂ ಬರವಣಿಗೆಯಲ್ಲಿ. ನಿಮಗೆ ಬಂದ ಆ ಮೆಸೇಜ್ ಇದೆಯಲ್ಲ, ಅಮೆರಿಕದಲ್ಲಾಗಿದ್ರೆ ಅದು ನಡೀತಿರ್ಲಿಲ್ಲ. ಸಾಲ ಕೊಡದಿದ್ರೆ ನಿರ್ದಿಷ್ಟ ಕಾರಣ ಕೊಡಿ, ಆಂತರಿಕ ಮಾನದಂಡ ಅಂತ ಬರೆದ್ರೆ ಸಾಲಲ್ಲ ಅಂತ ಅಲ್ಲಿನ ರೆಗ್ಯುಲೇಶನ್ ಬಿ ನಿಯಮದಲ್ಲೇ ಇದೆ. ಯುರೋಪಲ್ಲಿ ಇನ್ನೊಂದು ಕೇಸ್ ಆಯ್ತು: ತಿಂಗಳಿಗೆ ಬರೀ 10 ಯೂರೋ ಮೊಬೈಲ್ ಪ್ಲಾನು, ಆಸ್ಟ್ರಿಯಾದ ಗ್ರಾಹಕರೊಬ್ಬರಿಗೆ ಕ್ರೆಡಿಟ್ ಸ್ಕೋರ್ ನೋಡಿ ಕೊಡಲ್ಲ ಅಂದ್ರು, ಅದು ಯುರೋಪಿಯನ್ ಯೂನಿಯನ್ ಕೋರ್ಟ್‌ವರೆಗೂ ಹೋಯ್ತು. 2025ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿದ್ದು, ಗ್ರಾಹಕರಿಗೆ ಅರ್ಥ ಆಗೋ ಹಾಗೆ ವಿವರಿಸ್ಬೇಕು, ಗಣಿತದ ಫಾರ್ಮುಲಾ ತಂದು ಮುಂದಿಟ್ರೆ ಅದು ವಿವರಣೆ ಅಲ್ಲ. ನನಗೆ ಇದು ತುಂಬಾ ಹಿಡಿಸ್ತು, ಯಾಕಂದ್ರೆ ಪಾರದರ್ಶಕತೆ ಅಂದ ಕೂಡಲೇ ಕೋಡ್ ತೋರಿಸಿ ಅಂತ ಗಲಾಟೆ ಮಾಡೋರು ಜಾಸ್ತಿ, ಕೋಡ್ ನೋಡಿ ನಾವು ನೀವು ಏನ್ಮಾಡೋಣ?

ನಮ್ಮಲ್ಲಿ ಆರ್‌ಬಿಐ ನೇಮಿಸಿದ್ದ ಸಮಿತಿ 2025ರ ಆಗಸ್ಟಲ್ಲಿ ವರದಿ ಕೊಟ್ಟಿದೆ, ಎಐ ತೀರ್ಮಾನ ಅರ್ಥ ಆಗೋ ಥರ ಇರ್ಬೇಕು ಅನ್ನೋದು ಅದರಲ್ಲೂ ಇದೆ, ಆದ್ರೆ ಅದು ಶಿಫಾರಸು. ಅದು ನಿಯಮ ಆಗೋವರೆಗೂ ತಮಾಷೆ ನೋಡಿ, ಷೇರುದಾರರ ಮುಂದೆ ಎಐ ಎಐ ಅಂತ ಕೊಚ್ಚಿಕೊಳ್ಳೋ ಬ್ಯಾಂಕುಗಳೇ ಸಾಲ ಸಿಗದೇ ಇರೋ ಗ್ರಾಹಕರಿಗೆ ಒಂದು ಸಾಲು ಬರೆಯಕ್ಕೆ ಹಿಂದೆಮುಂದೆ ನೋಡ್ತವೆ.

ಒಂದು ಕಡೆ ಮಾತ್ರ ಬ್ಯಾಂಕಿನ ಪರ ನಾನು. ಕಾರ್ಡ್ ವಂಚನೆ ಹಿಡಿಯೋ ಸಿಸ್ಟಮ್ ಯಾವ್ಯಾವುದನ್ನ ಗಮನಿಸುತ್ತೆ ಅಂತ ಪೂರ್ತಿ ಬಿಚ್ಚಿಟ್ರೆ ಕಳ್ಳರು ಅದನ್ನ ತಪ್ಪಿಸ್ಕೊಂಡು ಬರ್ತಾರೆ. ಯುರೋಪಿನ 2024ರ ಎಐ ಕಾಯ್ದೆ ಕೂಡ ಜನರ ಸಾಲದ ಸ್ಕೋರ್ ಹಾಕೋದನ್ನ ಹೈ ರಿಸ್ಕ್ ಪಟ್ಟಿಗೆ, ಅಂದ್ರೆ ಬಿಗಿ ನಿಯಮ ಇರೋ ಪಟ್ಟಿಗೆ, ಸೇರಿಸಿ, ವಂಚನೆ ಪತ್ತೆಯನ್ನ ಹೊರಗಿಟ್ಟಿದೆ.

ಈಗ ನೀವು ಮಾಡ್ಬೇಕಾದ್ದು: ಮೊದಲು ನಿಮ್ಮ ಕ್ರೆಡಿಟ್ ರಿಪೋರ್ಟ್ ತರಿಸಿ ನೋಡಿ, ತೀರಿಸಿದ ಸಾಲ ಇನ್ನೂ ಬಾಕಿ ಅಂತ ಇರ್ಬಹುದು, ನಿಮ್ಮದಲ್ಲದ ಸಾಲ ಸೇರ್ಕೊಂಡಿರ್ಬಹುದು. ತಪ್ಪಿದ್ರೆ ಸರಿಮಾಡಿಸಿ, ಆಮೇಲೆ ಒಬ್ಬ ಅಧಿಕಾರಿ ಕೂತು ಅರ್ಜಿ ಮತ್ತೆ ನೋಡ್ಲಿ ಅಂತ ಬರೆದುಕೊಡಿ.

ಪ್ರಶ್ನೆ: ಬ್ಯಾಂಕ್ ಚಾಟ್‌ನಲ್ಲಿ ಹೆಸರು ಹಾಕ್ಕೊಂಡು ಮಾತಾಡಿದ್ದು ಮನುಷ್ಯರಾ ಬಾಟಾ ಗೊತ್ತಾಗಲಿಲ್ಲ. ಹೆಂಗೆ ತಿಳ್ಕೊಳ್ಳೋದು?

ಉತ್ತರ: ನೇರವಾಗಿ ಕೇಳಿಬಿಡಿ. ಎಐ ಜೊತೆ ಮಾತಾಡ್ತಿದ್ದೀರಿ ಅಂತ ಜನಕ್ಕೆ ತಿಳಿಸ್ಬೇಕು ಅನ್ನೋದು ಆ ಯುರೋಪ್ ಕಾಯ್ದೆಯಲ್ಲಿದೆ. ನಿಮ್ಮ ಬ್ಯಾಂಕ್ ತಾನಾಗೇ ಹೇಳದಿದ್ರೆ ಚಾಟ್ ಕಾಪಿ ಸೇವ್ ಮಾಡ್ಕೊಳ್ಳಿ, ಬಾಟ್ ಬಡ್ಡಿ ದರ ತಪ್ಪು ಹೇಳಿದ್ರೆ ನಾಳೆ ದೂರು ಕೊಡಕ್ಕೆ ಅದೇ ದಾಖಲೆ.