“ಆ ಮಕ್ಕಳಿಂದ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ” ಅನ್ನುವ ಮಾತು ಸರಿಯೇ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಆಯಿತು, ಉತ್ತರ ಬರೆಯದೆ ಇರಲು ಮನಸ್ಸಾಗಲಿಲ್ಲ. ನೀವು ಹೊಸದಾಗಿ ಪಾಠ ಮಾಡಲು ಸೇರಿದ್ದೀರಿ. ಬಡವರ ಮನೆಯ ಮಕ್ಕಳ ಬಗ್ಗೆ ಸ್ಟಾಫ್ ರೂಮಿನಲ್ಲಿ ಹಿರಿಯರು “ಅವರಿಂದ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ, ಆಮೇಲೆ ನಿಮಗೇ ಬೇಜಾರಾಗುತ್ತೆ” ಅಂದರು. ಇದು ಅನುಭವದ ಮಾತಾ, ಇಲ್ಲ ಈ ಮಾತೇ ಆ ಮಕ್ಕಳನ್ನು ಹಿಂದೆ ಹಾಕುತ್ತಾ ಅಂತ ಕೇಳಿದ್ದೀರಿ.

ನಾನು 19 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ನನ್ನ ಪ್ರಕಾರ ಎರಡೂ ನಿಜ. ಅದು ಅನುಭವದ ಮಾತೇ. ಆದರೆ ಆ ಅನುಭವದಲ್ಲಿ ಒಂದಷ್ಟು ಪಾಲು ನಾವೇ ಮಾಡಿಟ್ಟಿದ್ದು.

ರೇ ರಿಸ್ಟ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ಶಾಲೆಯಲ್ಲಿ ಕೂತು ಒಂದೇ ತರಗತಿಯ ಪುಟ್ಟ ಮಕ್ಕಳನ್ನು ಕಿಂಡರ್‌ಗಾರ್ಟನ್‌ನಿಂದ ಎರಡನೇ ಕ್ಲಾಸಿನವರೆಗೆ ನೋಡಿದರು. ಅದನ್ನು 1970ರಲ್ಲಿ ಪ್ರಕಟಿಸಿದರು. ಶಾಲೆ ಶುರುವಾದ ಎಂಟನೇ ದಿನವೇ ಟೀಚರ್ ಮಕ್ಕಳನ್ನು ಮೂರು ಮೇಜುಗಳಿಗೆ ಹಂಚಿದ್ದರು. ಯಾವ ಪರೀಕ್ಷೆಯೂ ನಡೆದಿರಲಿಲ್ಲ. ಶುಭ್ರವಾದ ಬಟ್ಟೆ ಹಾಕಿದ, ಟೀಚರ್ ಮಾತಾಡುವ ರೀತಿಯಲ್ಲೇ ಮಾತಾಡುವ, ಸ್ವಲ್ಪ ಅನುಕೂಲಸ್ಥರ ಮನೆಯ ಮಕ್ಕಳು ಮೊದಲ ಮೇಜಿಗೆ, ಟೀಚರ್ ಪಕ್ಕಕ್ಕೆ. ಉಳಿದವರು ದೂರಕ್ಕೆ. ಆ ಶಾಲೆಯ ಮಕ್ಕಳೂ ಟೀಚರೂ ಎಲ್ಲರೂ ಕಪ್ಪು ಜನಾಂಗದವರೇ. ಹಾಗಾಗಿ ಇಲ್ಲಿ ಕೆಲಸ ಮಾಡಿದ್ದು ಬಣ್ಣ ಅಲ್ಲ, ಮನೆಯ ಅಂತಸ್ತು.

ನನ್ನನ್ನು ಹೆಚ್ಚು ಕಾಡುವುದು ಆಮೇಲೆ ಆದದ್ದು. ದೂರದ ಮೇಜಿನ ಮಕ್ಕಳಿಗೆ ಟೀಚರ್ ಕಡಿಮೆ ಹೇಳಿಕೊಟ್ಟರು. ಅವರ ಪಾಠಗಳು ಪೂರ್ತಿ ಮುಗಿಯಲಿಲ್ಲ. ಮುಂದಿನ ವರ್ಷದ ಟೀಚರ್ “ಯಾರಿಗೆ ಎಷ್ಟು ಪಾಠ ಆಗಿದೆ” ಅಂತ ನೋಡಿ ಮತ್ತೆ ಮೂರು ಗುಂಪು ಮಾಡಿದರು. ಎರಡನೇ ಕ್ಲಾಸಿಗೆ ಬರುವಷ್ಟರಲ್ಲಿ ಓದಿನ ಅಂಕಗಳೂ ಕೈಗೆ ಸಿಕ್ಕಿದ್ದವು. ಈಗ ಎಲ್ಲದಕ್ಕೂ ದಾಖಲೆ ಇದೆ, ಯಾರೂ ಬಟ್ಟೆ ನೋಡಿ ಕೂರಿಸಿದರು ಅನ್ನುವ ಹಾಗಿಲ್ಲ! ಕೆಳಗಿನ ಗುಂಪುಗಳಿಂದ ಒಂದು ಮಗುವೂ ಎರಡನೇ ಕ್ಲಾಸಿನ ಮೇಲಿನ ಗುಂಪಿಗೆ ಬರಲಿಲ್ಲ. ಎಂಟು ದಿನದಲ್ಲಿ ಕಣ್ಣಂದಾಜಿನಲ್ಲಿ ಮಾಡಿದ ತೀರ್ಮಾನ ಎರಡು ವರ್ಷದಲ್ಲಿ ಮಾರ್ಕ್ಸ್ ಆಗಿಬಿಟ್ಟಿತು. ನಿಮ್ಮ ಸ್ಟಾಫ್ ರೂಮಿನ ಹಿರಿಯರು ಸುಳ್ಳು ಹೇಳುತ್ತಿಲ್ಲ. ಅವರು ಈ ಮಾರ್ಕ್ಸನ್ನೇ ನೋಡಿ ಮಾತಾಡುತ್ತಿದ್ದಾರೆ.

ಇದನ್ನೆಲ್ಲ ಓದಿದಾಗ ನನಗೆ ಆ ಟೀಚರ್ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ಒಂದು ದಿನ ನನ್ನದೇ ಕ್ಲಾಸನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳಿಸಿಕೊಂಡೆ. ಭಿನ್ನರಾಶಿ ಪಾಠ. ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ಎಬ್ಬಿಸಿ, ಮೂರನೇ ಒಂದು, ನಾಲ್ಕನೇ ಒಂದು, ಇವೆರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದ್ದೆ. ಅವನು “ನಾಲ್ಕನೇ...” ಅಂತ ಶುರು ಮಾಡಿದ. ನಾನು ಮಾತು ಮುಗಿಸಲೂ ಬಿಡದೆ, ತುಂಬ ಮೆತ್ತಗೆ, “ಇರ್ಲಿ ಮರಿ, ಕೂತ್ಕೋ” ಅಂದಿದ್ದೆ. ಹತ್ತು ನಿಮಿಷ ಬಿಟ್ಟು ಇಂಥದ್ದೇ ಪ್ರಶ್ನೆಯನ್ನು ಓದಿದ ಅಪ್ಪ ಅಮ್ಮ ಇರುವ ಹುಡುಗಿಗೆ ಕೇಳಿದ್ದೆ. ಅವಳೂ ಅದೇ ತಪ್ಪು ಮಾಡಿದಳು. ಅವಳಿಗೆ ಏನು ಹೇಳಿದ್ದೆ ಗೊತ್ತಾ? “ಯೋಚನೆ ಮಾಡು, ಅವಸರ ಇಲ್ಲ. ಒಂದು ಹಾಳೆಯನ್ನು ಜಾಸ್ತಿ ತುಂಡು ಮಾಡಿದ್ರೆ ಒಂದೊಂದು ತುಂಡು ಏನಾಗುತ್ತೆ?” ಅವಳು ಸರಿ ಉತ್ತರ ಕೊಟ್ಟಳು. ಅವಳಿಗೆ ನಾನು ಪಾಠ ಮಾಡಿದ್ದೆ. ಅವನಿಗೆ ಕನಿಕರ ತೋರಿಸಿದ್ದೆ.

ರೆಕಾರ್ಡಿಂಗ್ ಕೇಳುತ್ತಾ ನನಗೆ ಕಣ್ಣಲ್ಲಿ ನೀರು ಬಂತು. ಅವನನ್ನು ಎಲ್ಲರ ಮುಂದೆ ಅವಮಾನದಿಂದ ಉಳಿಸುತ್ತಿದ್ದೇನೆ ಅಂತಲೇ ನಾನು ಅಷ್ಟು ವರ್ಷ ನಂಬಿದ್ದೆ.

ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಈ ವಿಷಯ ಸಣ್ಣದಲ್ಲ. ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಯ ರೆಕಾರ್ಡಿಂಗ್‌ಗಳನ್ನು ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸರಾಸರಿ 1 ಸೆಕೆಂಡ್ ಕಾಯುತ್ತಿದ್ದರು. ಜಾಣರು ಅಂದುಕೊಂಡ ಮಕ್ಕಳಿಗೆ ಸುಮಾರು ಅದರ ಎರಡರಷ್ಟು, ದಡ್ಡರು ಅಂದುಕೊಂಡವರಿಗೆ ಒಂದಕ್ಕೂ ಕಡಿಮೆ. ಯಾರಿಗೆ ಜಾಸ್ತಿ ಹೊತ್ತು ಬೇಕೋ ಅವರಿಗೇ ಕಡಿಮೆ, ಅಲ್ವಾ? 3 ಸೆಕೆಂಡ್ ಕಾದರೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 1968ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಸಂಶೋಧಕರಾದ ರೋಸೆಂಥಾಲ್ ಮತ್ತು ಜೇಕಬ್‌ಸನ್ ಸುಮ್ನೆ ಚೀಟಿ ಎತ್ತಿದ ಹಾಗೆ ಕೆಲವು ಮಕ್ಕಳನ್ನು ಆರಿಸಿ, “ಇವರು ಈ ವರ್ಷ ಮುಂದೆ ಬರ್ತಾರೆ” ಅಂತ ಟೀಚರ್‌ಗಳಿಗೆ ಹೇಳಿದರು. ವರ್ಷದ ಕೊನೆಗೆ 1 ಮತ್ತು 2ನೇ ಕ್ಲಾಸಿನ ಅಂಥ ಮಕ್ಕಳು ನಿಜವಾಗಿ ಮುಂದೆ ಬಂದಿದ್ದರು. ಮೇಲಿನ ಕ್ಲಾಸುಗಳಲ್ಲಿ ಅಷ್ಟಾಗಿ ಕಾಣಲಿಲ್ಲ, ಅಧ್ಯಯನದ ಬಗ್ಗೆ ತಕರಾರೂ ಎದ್ದಿತು. ಆಮೇಲಿನ ಅಧ್ಯಯನಗಳ ಪ್ರಕಾರ ನಿರೀಕ್ಷೆಯ ಪರಿಣಾಮ ಸಾಮಾನ್ಯವಾಗಿ ಸಣ್ಣದು. ಬಡವರ ಮನೆಯ ಮಕ್ಕಳ ಮೇಲೆ ಅದು ಜಾಸ್ತಿ ಕಂಡದ್ದೂ ಇದೆ. ಅಂದರೆ ನಂಬಿಕೆ ಇಟ್ಟರೆ ಸಾಕು, ಎಲ್ಲ ಸರಿಹೋಗುತ್ತೆ ಅಂತ ದಯವಿಟ್ಟು ತಿಳಿಯಬೇಡಿ. ಹಸಿದು ಬಂದ ಮಗುವಿಗೆ, ಮನೆಯಲ್ಲಿ ಕೂತು ಬರೆಯಲು ಜಾಗ ಇಲ್ಲದ ಮಗುವಿಗೆ ನಮ್ಮ ನಿರೀಕ್ಷೆಯೊಂದನ್ನೇ ಕೊಟ್ಟರೆ ಅದು ಇನ್ನೊಂದು ಹೊರೆ. ಹೋಮ್‌ವರ್ಕ್ ಬರೆದಿಲ್ಲ ಅಂದರೆ ಸೋಮಾರಿ ಅನ್ನುವ ಮೊದಲು, ಶಾಲೆಯಲ್ಲೇ ಅರ್ಧ ಗಂಟೆ ಬರೆಯಲು ಜಾಗ ಮಾಡಿಕೊಡಿ.

ನಾನು ಮಾಡುವುದು ಇಷ್ಟು. ಮೊದಲ ಒಂದು ತಿಂಗಳು ಅಪ್ಪ ಅಮ್ಮನ ಕೆಲಸ ಏನು ಅಂತ ಇರುವ ಕಾಲಂ ನೋಡುವುದಿಲ್ಲ. ಪ್ರತಿ ವಾರ ಬೆಂಚು ಬದಲಾಯಿಸುತ್ತೇನೆ. ಉತ್ತರ ಪತ್ರಿಕೆಯಲ್ಲಿ ಹೆಸರಿರುವ ಅಂಚನ್ನು ಮಡಚಿ ತಿದ್ದುತ್ತೇನೆ, ಯಾಕೆಂದರೆ ಒಂದೇ ಉತ್ತರ ಹೆಸರು ನೋಡಿದ ಮೇಲೆ ಬೇರೆ ಥರ ಕಾಣುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತೇನೆ. ಮೊದಮೊದಲು ಆ ಮೌನ ತಡೆಯಲು ಆಗುವುದಿಲ್ಲ. ಪಕ್ಕದ ಮಕ್ಕಳು “ಸರ್, ನಾನ್ ಹೇಳ್ತೀನಿ” ಅಂತ ಕೈ ಎತ್ತುತ್ತಾರೆ. ಕಾಯಿರಿ.

ಆ ಹುಡುಗ ಕ್ಲಾಸಿಗೆ ಫಸ್ಟ್ ಏನೂ ಬರಲಿಲ್ಲ. ಆದರೆ ರೆಕಾರ್ಡಿಂಗ್ ಆದ ಮೇಲೆ ಮೂರನೇ ವಾರವೋ ನಾಲ್ಕನೇ ವಾರವೋ ಮತ್ತೆ ಅದೇ ಪ್ರಶ್ನೆ ಕೇಳಿ ನಿಂತೆ. ಅವನು ಡೆಸ್ಕ್ ಮೇಲೆ ಬೆರಳಿನಿಂದ ಗೆರೆ ಎಳೆದ. ಅಳಿಸಿದ ಹಾಗೆ ಮಾಡಿ ಮತ್ತೆ ಎಳೆದ. ಆಮೇಲೆ ತಲೆ ಎತ್ತದೆ ಹೇಳಿದ: “ಜನ ಜಾಸ್ತಿ ಆದ್ರೆ ಒಬ್ಬೊಬ್ರಿಗೆ ಕಡಿಮೆ ಬರುತ್ತೆ ಸರ್. ಮೂರನೇ ಒಂದೇ ದೊಡ್ಡದು.”