ಬ್ಲೇಡ್ ಹುಡುಕಬೇಡಿ, ಬಟ್ಟೆ ಹುಡುಕಿ

ಯಲಹಂಕದ ಓದುಗರೊಬ್ಬರು ಬರೆದಿದ್ದಾರೆ: ‘ಸೊಸೆಗೆ ಎರಡನೇ ಹೆರಿಗೆ. ರಾತ್ರಿ ನೋವು ಶುರುವಾಯಿತು. ಆಸ್ಪತ್ರೆಗೆ ಫೋನ್ ಮಾಡಿದರೆ, ಐದು ನಿಮಿಷಕ್ಕೊಂದು ನೋವು ಬರುವಾಗ ಹೊರಡಿ ಎಂದರು. ಹಾಗೇ ಹೊರಟೆವು. ಹೆಬ್ಬಾಳ ದಾಟುವಷ್ಟರಲ್ಲಿ ಕಾರಿನಲ್ಲೇ ಮಗು ಹುಟ್ಟಿತು. ಹೊಕ್ಕುಳ ಬಳ್ಳಿ ಕತ್ತರಿಸಲು ಬ್ಲೇಡ್ ಹುಡುಕಿದೆವು, ಸಿಗಲಿಲ್ಲ. ಗಾಡಿ ನಿಲ್ಲಿಸಬೇಕೋ ಓಡಿಸಬೇಕೋ ತಿಳಿಯದೆ ಮಗ ಒದ್ದಾಡಿದ. ದೇವರ ದಯೆ, ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಮನೆಯ ಹಿರಿಯಳಾಗಿ ನಾನು ಏನು ಮಾಡಬೇಕಿತ್ತು?’

ಅಮ್ಮಾ, ಬ್ಲೇಡ್ ಸಿಗದಿದ್ದದ್ದೇ ಒಳ್ಳೆಯದಾಯಿತು. ದಾರಿಯಲ್ಲಿ ಹುಟ್ಟಿದ ಮಗುವಿನ ಬಳ್ಳಿಯನ್ನು ಕತ್ತರಿಸುವ ತುರ್ತು ಯಾರಿಗೂ ಇಲ್ಲ. ಹುಟ್ಟಿದ ಮೇಲೂ ಕೆಲವು ನಿಮಿಷ ಅದು ಮಿಡಿಯುತ್ತದೆ, ಮಾಸಿನಲ್ಲಿರುವ (ಪ್ಲಾಸೆಂಟಾ) ರಕ್ತ ಮಗುವಿಗೆ ಹರಿಯುತ್ತಿರುತ್ತದೆ. ಆಮೇಲೆ ತಾನಾಗಿ ನಿಲ್ಲುತ್ತದೆ. ಆಸ್ಪತ್ರೆ ಸೇರುವವರೆಗೆ ಹಾಗೇ ಬಿಟ್ಟರೆ ತೊಂದರೆಯಿಲ್ಲ. ಕೊಳಕು ಬ್ಲೇಡಿನಿಂದ ಮಗುವಿಗೆ ಧನುರ್ವಾಯು ತಗಲಬಹುದು. ದಾರ ಸಡಿಲವಾಗಿ ಕಟ್ಟಿದರೆ ಕತ್ತರಿಸಿದ ತುದಿಯಿಂದ ಮಗುವಿನದೇ ರಕ್ತ ಸೋರಿಹೋಗುತ್ತದೆ. ಬಳ್ಳಿಯ ತುದಿಗೆ ಅರಿಶಿನ, ಎಣ್ಣೆ, ಬೂದಿ ಏನೂ ಹಚ್ಚುವುದು ಬೇಡ. ಬಳ್ಳಿ ಗಿಡ್ಡವಾಗಿದ್ದು ಮಗು ಎದೆಯವರೆಗೆ ಬರದಿದ್ದರೆ ಎಳೆಯಬೇಡಿ, ತಾಯಿಯ ಹೊಟ್ಟೆಯ ಮೇಲೇ ಮಲಗಿಸಿ.

ನೋವು ಶುರುವಾಗಿ 3 ಗಂಟೆಯೊಳಗೆ ಮಗು ಹುಟ್ಟಿದರೆ ವೈದ್ಯರು ಅದನ್ನು ಪ್ರೆಸಿಪಿಟೇಟ್ ಲೇಬರ್ ಎನ್ನುತ್ತಾರೆ. ಚೊಚ್ಚಲಿಗಿಂತ ಎರಡನೇ, ಮೂರನೇ ಹೆರಿಗೆಯಲ್ಲಿ ಇದು ಹೆಚ್ಚು. ಒಮ್ಮೆ ಹಿಗ್ಗಿದ ದಾರಿ ಮತ್ತೆ ಬೇಗ ಹಿಗ್ಗುತ್ತದೆ. ಹಾಗಾಗಿ ‘ಐದು ನಿಮಿಷಕ್ಕೊಂದು ನೋವು’ ಎನ್ನುವ ಲೆಕ್ಕ ಚೊಚ್ಚಲಿಗೆ ಸರಿ, ನಿಮ್ಮ ಸೊಸೆಗೆ ಅಲ್ಲ. ಎರಡನೆಯದಾದರೆ ಹತ್ತು ನಿಮಿಷಕ್ಕೊಂದು ನೋವು ತಪ್ಪದೆ ಬರತೊಡಗಿದರೆ, ಇಲ್ಲವೇ ನೀರು ಒಡೆದರೆ, ಹೊರಡಬೇಕು. ನೀವು ತಡ ಮಾಡಲಿಲ್ಲ. ಸಿಕ್ಕ ಸಲಹೆ ನಿಮ್ಮ ಮನೆಗೆ ಹೊಂದುವಂಥದ್ದಾಗಿರಲಿಲ್ಲ.

ಗಾಡಿ ನಿಲ್ಲಿಸಬೇಕೋ ಬೇಡವೋ ಎಂಬುದಕ್ಕೆ ಗುರುತು ಇದೆ. ನೋವಿನ ನಡುವೆ ಬಸುರಿ ‘ಕಕ್ಕಸಿಗೆ ಹೋಗಬೇಕು’ ಎಂದರೆ ಅದು ಹೊಟ್ಟೆಯ ತೊಂದರೆಯಲ್ಲ, ಮಗುವಿನ ತಲೆ ಕೆಳಗೆ ಒತ್ತುತ್ತಿದೆ ಎಂದರ್ಥ. ಅವಳನ್ನು ಒಬ್ಬಳೇ ಬಚ್ಚಲಿಗೆ ಕಳಿಸಬೇಡಿ. ಮಗು ನೆಲಕ್ಕೋ ಕಮೋಡಿಗೋ ಬೀಳುವ ಅಪಘಾತಗಳು ಆಗುವುದು ಇಲ್ಲೇ. ತಡೆಯಲಾಗದೆ ತಿಣುಕುತ್ತಿದ್ದಾಳೆ, ನೆತ್ತಿ ಕಾಣುತ್ತಿದೆ ಎಂದರೆ ಮನೆಯಲ್ಲಿದ್ದವರು ಲಿಫ್ಟ್ ಹತ್ತಬಾರದು, ದಾರಿಯಲ್ಲಿದ್ದವರು ಮುಂದೆ ಹೋಗಬಾರದು. ಗಾಡಿಯನ್ನು ಎಡಕ್ಕೆ ಹಾಕಿ, ಹಜಾರ್ಡ್ ಲೈಟ್ ಉರಿಸಿ, ಎಸಿ ಆರಿಸಿ, ಗಾಜು ಏರಿಸಿ. 108ಕ್ಕೆ ಕರೆ ಮಾಡಿ ಸ್ಪೀಕರಿಗೆ ಹಾಕಿ. ಹೆಬ್ಬಾಳದಂಥ ಕಡೆ ‘ಫ್ಲೈಓವರ್ ಹತ್ತಿರ’ ಎಂದರೆ ಸಾಲದು. ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದ್ದೀರಿ, ಮೇಲಿದ್ದೀರೋ ಸರ್ವಿಸ್ ರಸ್ತೆಯಲ್ಲೋ ಹೇಳಬೇಕು. ಮನೆಯಲ್ಲಾದರೆ ಒಬ್ಬರು ಗೇಟಿಗೆ ಹೋಗಿ ನಿಲ್ಲಲಿ.

ಬಸುರಿ ಎಡಮಗ್ಗುಲಾಗಿ ಮಲಗಲಿ. ಸೊಂಟ ಸೀಟಿನ ಅಂಚಿಗೆ ಬರದಿರಲಿ, ಅಡಿಯಲ್ಲಿ ದಪ್ಪ ಬಟ್ಟೆ ಇರಲಿ. ಹುಟ್ಟಿದ ಮಗು ಬಹಳ ಜಾರುತ್ತದೆ. ಮಗು ಬರದಂತೆ ತಾಯಿಯ ಕಾಲು ಕೂಡಿಸಿ ಒತ್ತಿ ಹಿಡಿಯುವುದು, ಮಗುವಿನ ತಲೆಯನ್ನು ಒಳಕ್ಕೆ ತಳ್ಳುವುದು ಎರಡೂ ಅಪಾಯ. ತಲೆ ಬರುವಾಗ ತಿಣುಕುವುದನ್ನು ಬಿಟ್ಟು, ಬಾಯಿ ತೆರೆದು ಸಣ್ಣ ಸಣ್ಣ ಉಸಿರು ಬಿಡಲು ಹೇಳಿ. ನಿಮ್ಮ ಅಂಗೈ ನೆತ್ತಿಯ ಮೇಲೆ ಹಗುರಾಗಿ ಇರಲಿ. ರಭಸಕ್ಕೆ ಹೊರಬಿದ್ದರೆ ತಾಯಿಯ ಮೈ ಹರಿದು ಗಾಯವಾಗುತ್ತದೆ. ತಲೆ ಬಂದ ಮೇಲೆ ಕುತ್ತಿಗೆ ಸುತ್ತ ಬೆರಳಾಡಿಸಿ. ಬಳ್ಳಿ ಸಡಿಲವಾಗಿ ಸುತ್ತಿದ್ದರೆ ತಲೆಯ ಮೇಲಿಂದ ದಾಟಿಸಿ, ಬಿಗಿಯಿದ್ದರೆ ಬಿಟ್ಟುಬಿಡಿ. ಮುಂದಿನ ನೋವಿಗೆ ಭುಜ ಬರುತ್ತದೆ. ಎಳೆಯುವ ಕೆಲಸವೇ ಇಲ್ಲ.

ಎರಡು ಸಂದರ್ಭ ಬೇರೆ. ಮಗುವಿಗೂ ಮೊದಲೇ ಬಳ್ಳಿ ಹೊರಬಂದರೆ ತಾಯಿ ಮೊಣಕಾಲೂರಿ, ಎದೆ ತಗ್ಗಿಸಿ, ಸೊಂಟ ಎತ್ತಿ ಇರಬೇಕು. ಬಳ್ಳಿಯನ್ನು ಮುಟ್ಟದೆ, ನಿಲ್ಲದೆ ಆಸ್ಪತ್ರೆ ಸೇರಬೇಕು. ಕಾಲೋ ಕುಂಡೆಯೋ ಮೊದಲು ಬಂದರೂ ಎಳೆಯಕೂಡದು, 108ರವರು ಹೇಳಿದಂತೆ ಮಾಡಿ.

ಮಗು ಬಂದ ಹೊತ್ತು ನೋಡಿಕೊಳ್ಳಿ. ಒಣ ಬಟ್ಟೆಯಿಂದ ತಲೆ, ಬೆನ್ನು ಚೆನ್ನಾಗಿ ಒರೆಸಿ, ಆ ಒದ್ದೆ ಬಟ್ಟೆ ಬಿಸಾಕಿ. ಅಲ್ಲೇ ಎಲ್ಲರೂ ತಪ್ಪುವುದು: ಒರೆಸಿದ ಬಟ್ಟೆಯಲ್ಲೇ ಸುತ್ತುತ್ತಾರೆ, ಮಗು ತಣ್ಣಗಾಗುತ್ತದೆ. ತಾಯಿಯ ನೈಟಿಯೊಳಗೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೆ ಬೇರೆ ಒಣ ಬಟ್ಟೆ ಹೊದಿಸಿ, ತಲೆ ಮುಚ್ಚಿ, ಮೂಗು ಬಾಯಿ ಬಿಟ್ಟಿರಲಿ. ಅಳದಿದ್ದರೆ ಬೆನ್ನು ಉಜ್ಜಿ, ಅಂಗಾಲು ತಟ್ಟಿ. ತಲೆಕೆಳಗೆ ಹಿಡಿದು ಹೊಡೆಯುವುದು ಬೇಡ. ಆಗಲೂ ಉಸಿರಾಡದಿದ್ದರೆ ಒಂದು ನಿಮಿಷ ತುಂಬುವವರೆಗೆ ಕಾಯಬೇಡಿ: ಮಗುವನ್ನು ಅಂಗಾತ ಮಲಗಿಸಿ, ತಲೆ ನೇರವಿಟ್ಟು, ಮೂಗು ಬಾಯಿ ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ಕೆನ್ನೆಯಲ್ಲಿ ಹಿಡಿಯುವಷ್ಟೇ ಗಾಳಿಯನ್ನು ಐದು ಸಲ ಮೆಲ್ಲಗೆ ಊದಿ. ಎದೆ ಏರಬೇಕು. ಕೈಕಾಲು ಸ್ವಲ್ಪ ನೀಲಿಯಿದ್ದರೆ ಹೆದರಬೇಡಿ. ತುಟಿ, ನಾಲಿಗೆ ನೀಲಿಯಿರಬಾರದು.

ಮಗು ಅತ್ತರೆ ಎಲ್ಲರೂ ನಿರಾಳರಾಗಿ ತಾಯಿಯನ್ನು ಮರೆಯುತ್ತಾರೆ. ಬೇಗ ಆದ ಹೆರಿಗೆಯಲ್ಲಿ ಗರ್ಭಕೋಶ ಸಡಿಲಾಗಿ ಉಳಿದೋ, ಹರಿದ ಗಾಯದಿಂದಲೋ ರಕ್ತ ಹೋಗುವ ಭಯ ಹೆಚ್ಚು. ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಬೀಳುತ್ತದೆ. ಬಳ್ಳಿ ಹಿಡಿದು ಎಳೆದರೆ ಗರ್ಭಕೋಶವೇ ಮಗುಚಿ ಬರಬಹುದು. ಬಿದ್ದ ಮಾಸನ್ನು ಎಸೆಯದೆ ಕವರಿಗೆ ಹಾಕಿ ಮಗುವಿನ ಪಕ್ಕದಲ್ಲೇ ಇಡಿ, ಪೂರ್ತಿ ಬಂದಿದೆಯೇ ಎಂದು ವೈದ್ಯರು ನೋಡಬೇಕು. ಮಾಸು ಬಿದ್ದ ಮೇಲೆ ಹೊಕ್ಕುಳ ಕೆಳಗೆ ಕೈಯಿಟ್ಟರೆ ಗರ್ಭಕೋಶ ಕ್ರಿಕೆಟ್ ಚೆಂಡಿನಷ್ಟು ಗಟ್ಟಿ ಸಿಗಬೇಕು. ಮೆತ್ತಗಿದ್ದರೆ ಗಟ್ಟಿಯಾಗುವವರೆಗೆ ಸುತ್ತಲೂ ಉಜ್ಜಿ, ಮೂತ್ರ ಮಾಡಿಸಿ, ಮಗುವಿಗೆ ಮೊಲೆ ಕೊಡಿಸಿ. ಚೀಪಿದಾಗ ಗರ್ಭಕೋಶ ಕುಗ್ಗುತ್ತದೆ. ಅರ್ಧ ಲೀಟರ್‌ನಷ್ಟು ರಕ್ತ ಹೋದಂತೆ ಕಂಡರೆ, ತಲೆ ಸುತ್ತಿ ಬೆವರಿದರೆ, ಬುಕ್ ಮಾಡಿದ ಆಸ್ಪತ್ರೆಯ ಯೋಚನೆ ಬಿಟ್ಟು ಹೆರಿಗೆ ನೋಡುವ ಹತ್ತಿರದ ಆಸ್ಪತ್ರೆಗೆ ಹೋಗಿ. ಮಲ್ಲೇಶ್ವರದ ಕೆ.ಸಿ. ಜನರಲ್, ಕೋಟೆಯ ಬಳಿಯ ವಾಣಿ ವಿಲಾಸ, ಶಿವಾಜಿನಗರದ ಘೋಷಾ, ಜಯನಗರ ಜನರಲ್ ಆಸ್ಪತ್ರೆಗಳಲ್ಲಿ ಹೆರಿಗೆಯ ವಿಭಾಗ ಇದೆ. 108 ಆಂಬುಲೆನ್ಸಿಗೆ ಹಣ ಕೊಡಬೇಕಿಲ್ಲ.

ಅಲ್ಲಿ ತಾಯಿಗೆ ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಕೊಟ್ಟು, ಹರಿದಿದ್ದರೆ ಹೊಲಿಗೆ ಹಾಕುತ್ತಾರೆ. ಮಗುವಿಗೆ ರಕ್ತಸ್ರಾವ ತಡೆಯುವ ವಿಟಮಿನ್ ಕೆ ಕೊಟ್ಟರೇ ಎಂದು ನೀವೇ ಕೇಳಿ, 24 ಗಂಟೆಯೊಳಗೆ ಕೊಡಬೇಕಾದ ಹೆಪಟೈಟಿಸ್ ಬಿ ಲಸಿಕೆಯನ್ನೂ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿ, ಮಗುವಿನದು ಪಾಸಿಟಿವ್ ಆಗಿದ್ದರೆ ಮುಂದಿನ ಬಸಿರಿಗೆ ತೊಂದರೆಯಾಗದಂತೆ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕು.

ಕೊನೆಗೊಂದು ಕಾಗದದ ಕೆಲಸ. ಡಿಸ್ಚಾರ್ಜ್ ಸಾರಾಂಶದಲ್ಲಿ ‘ದಾರಿಯಲ್ಲಿ ಹೆರಿಗೆ’ ಎಂದು ಹೊತ್ತು ಸಮೇತ ಬರೆಸಿಕೊಳ್ಳಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಓಡುವ ವಾಹನದಲ್ಲಿ ಹುಟ್ಟಿದ ಮಗುವಿನ ಮಾಹಿತಿಯನ್ನು ವಾಹನ ಮೊದಲು ನಿಂತ ಜಾಗದಲ್ಲಿ, ಅದರ ಹೊಣೆ ಹೊತ್ತವರು ಕೊಡಬೇಕೆಂಬ ನಿಯಮವಿದೆ. ನಿಮ್ಮಲ್ಲಿ ಗಾಡಿ ಓಡಿಸಿದ್ದು ಮಗನೇ ಆದ್ದರಿಂದ ಅವರೇ ಹೋಗಿ ಬರೆಸಲಿ.