ಕಾರವಾರ ಕಡೆಯ ಹಳ್ಳಿಯಲ್ಲಿ ಯಾರ್ಯಾರಿದ್ದಾರೆ?

ಗೋವೆಯ ಗಡಿಗೆ ಹತ್ತಿರವಿರುವ ನಮ್ಮ ಹಳ್ಳಿಗಳಲ್ಲಿ ಕನ್ನಡಿಗರೆಷ್ಟು, ಕೊಂಕಣಿಗರೆಷ್ಟು ಎಂದು ನೀವು ಕೇಳಿದ್ದೀರಿ. ಮನೆಯಲ್ಲಿ ಕೊಂಕಣಿ ಆಡುವವರೇ ಶಾಲೆಯಲ್ಲಿ ಕನ್ನಡ ಕಲಿತು ಪಂಚಾಯತಿಗೆ ಕನ್ನಡದಲ್ಲಿ ಅರ್ಜಿ ಬರೆಯುವುದರಿಂದ ಹಾಗೆ ಎರಡು ಪಾಲು ಮಾಡಲು ಬರುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಹಳೆಯ ತಲೆಮಾರಿನ ಕೆಲವರು ಮರಾಠಿ ಶಾಲೆಯಲ್ಲಿ ಓದಿದವರು. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸು ಕೊಂಕಣಿ ಆಡುವ ಕೋಮಾರಪಂತ ಸಮುದಾಯದವರ ಅಂಗಳದಲ್ಲಿ ಬಂಗಡೆಯ ದರವನ್ನು ಕೊಂಕಣಿಯಲ್ಲಿ ಹೇಳುತ್ತಾಳೆ. ಗದ್ದೆ ದಾಟಿ ಹಾಲಕ್ಕಿ ಒಕ್ಕಲಿಗರ ಕೊಪ್ಪಕ್ಕೆ, ಎಂದರೆ ಅವರ ಕೇರಿಗೆ, ಹೋದರೆ ಅದೇ ಬಂಗಡೆಗೆ ಕನ್ನಡದಲ್ಲಿ ಚೌಕಾಶಿ ನಡೆಯುತ್ತದೆ.

ಊರನ್ನು ಅರಿಯಲು ಭಾಷೆಗಿಂತ ನೆಲ ಹೆಚ್ಚು ನೆರವಾಗುತ್ತದೆ. ಕಡಲಂಚಿನ ಕೇರಿಗಳಲ್ಲಿ ಖಾರ್ವಿ, ಹರಿಕಂತ್ರ, ಗಾಬಿತ ಮುಂತಾದ ಮೀನುಗಾರರು, ಗದ್ದೆ ಮತ್ತು ತೆಂಗಿನ ತೋಟಗಳ ನಡುವೆ ಕೋಮಾರಪಂತರು ಮತ್ತು ಇತರ ಒಕ್ಕಲು ಮಕ್ಕಳು, ಗುಡ್ಡದ ಬುಡದ ಕೊಪ್ಪಗಳಲ್ಲಿ ಹಾಲಕ್ಕಿ ಒಕ್ಕಲಿಗರು. ಸಾರಸ್ವತರು, ದೈವಜ್ಞರು, ಕ್ರೈಸ್ತರು, ಮುಸ್ಲಿಮರು ಹೆಚ್ಚಾಗಿ ಪೇಟೆಗೆ ಸಮೀಪದಲ್ಲಿ. ಎಲ್ಲ ಊರಿಗೂ ಇದು ಹೊಂದುವುದಿಲ್ಲವಾದರೂ ಹೊಸಬರಿಗೆ ದಾರಿ ತೋರಿಸಲು ಸಾಕು. ಅಡ್ಡಹೆಸರನ್ನು ಮಾತ್ರ ನಂಬಬೇಡಿ: ನಾಯ್ಕ ಎಂದವರು ಕೋಮಾರಪಂತರೂ ಆಗಿರಬಹುದು, ಬೇರೆ ಸಮುದಾಯವಾದ ನಾಮಧಾರಿಗಳೂ ಆಗಿರಬಹುದು, ಇಲ್ಲಿಯ ಗೌಡರು ಹಳೆಯ ಮೈಸೂರಿನ ಗೌಡರಲ್ಲ.

ಹಾಲಕ್ಕಿಗಳ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಪ್ರತಿ ಕೊಪ್ಪಕ್ಕೂ ಒಬ್ಬ ಗೌಡ, ಅವನಿಗೆ ಸಲಹೆ ನೀಡುವ ಬುದವಂತ, ಸುದ್ದಿ ಮುಟ್ಟಿಸುವ ಕೋಲಕಾರ ಎಂಬ ಹಳೆಯ ಕಟ್ಟಳೆಯಿದ್ದು, ಪಂಚಾಯತಿ ಚುನಾವಣೆ ಬಂದ ಮೇಲೂ ಮದುವೆ ಮತ್ತು ಮನೆ ಜಗಳಗಳ ಮಾತು ಮೊದಲು ಅಲ್ಲಿಗೇ ಹೋಗುತ್ತದೆ. ಹಾಡಿಗಾಗಿ ಸುಕ್ರಿ ಬೊಮ್ಮಗೌಡರನ್ನೂ ಗಿಡ ಬೆಳೆಸಿದ್ದಕ್ಕಾಗಿ ತುಳಸಿ ಗೌಡರನ್ನೂ ದೇಶ ಪದ್ಮಶ್ರೀ ನೀಡಿ ಗೌರವಿಸಿತು. ಆದರೆ ಜಿಲ್ಲೆಯ ಆಫ್ರಿಕಾ ಮೂಲದ ಸಿದ್ದಿಗಳಿಗೆ 2003ರಲ್ಲಿ ದೊರೆತ ಪರಿಶಿಷ್ಟ ಪಂಗಡದ ಸ್ಥಾನ ಹಾಲಕ್ಕಿಗಳಿಗೆ ಬೇಡಿಕೆಯಾಗಿಯೇ ಉಳಿದಿದೆ. ಪ್ರಶಸ್ತಿ ಕೊಟ್ಟಷ್ಟು ಸುಲಭವಾಗಿ ಸವಲತ್ತು ಕೊಡುವುದಿಲ್ಲ ಎಂಬ ಮಾತು ಕೊಪ್ಪಗಳಲ್ಲಿ ಕೇಳಿಬಂದರೆ ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 14,37,169. ಚದರ ಕಿಲೋಮೀಟರಿಗೆ ಸುಮಾರು 140 ಜನ. ಕಾಡೇ ಹೆಚ್ಚಿರುವ ಜಿಲ್ಲೆಯ ಈ ಸರಾಸರಿಯನ್ನು ನೋಡಿ ಕರಾವಳಿಯನ್ನು ಅಳೆಯಬೇಡಿ. ಗುಡ್ಡಕ್ಕೂ ಕಡಲಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಮನೆಗೆ ಮನೆ ತಾಗಿಕೊಂಡಿವೆ; ಅದರಲ್ಲೇ ಹೆದ್ದಾರಿ, ಕೊಂಕಣ ರೈಲು ಮತ್ತು ಸೀಬರ್ಡ್ ನೌಕಾನೆಲೆಗೂ ಜಾಗ ಹೋಗಿದೆ. ನೌಕಾನೆಲೆಗೆ ಭೂಮಿ ಬಿಟ್ಟ ಕಾರವಾರ, ಅಂಕೋಲಾ ತಾಲೂಕುಗಳ ಜನ ಪುನರ್ವಸತಿ ಕಾಲೊನಿಗಳಿಗೆ ಬಂದಾಗ, ಮೊದಲು ದಂಡೆಯಲ್ಲಿ ಒಬ್ಬರು, ಗದ್ದೆಯಲ್ಲಿ ಇನ್ನೊಬ್ಬರು ಎಂದಿದ್ದ ನೆರೆಹೊರೆ ಸೈಟಿನ ನಂಬರಿನ ಪ್ರಕಾರ ಕೂಡಿಬಂತು. ಕಡಲಿನಿಂದ ದೂರವಾದ ಮೀನುಗಾರರಿಗೆ ಅದರ ಪೆಟ್ಟು ಹೆಚ್ಚು.

ಇನ್ನು, ಊರಿನ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಊರಲ್ಲಿರುವುದಿಲ್ಲ. ಹುಡುಗರು ಕೆಲಸಕ್ಕಾಗಿ ಗೋವೆಯ ಮಡಗಾಂವ್ ಮತ್ತು ವೆರ್ಣಾ ಕಡೆ ಹೋಗುತ್ತಾರೆ, ಕೆಲವರು ಮುಂಬಯಿಯಲ್ಲಿ ನೆಲೆಸಿದ್ದಾರೆ. ನಿಮಗೆ ನಿಜವಾಗಿ ಊರಿನವರನ್ನು ಎಣಿಸುವುದಿದ್ದರೆ ಚೌತಿಯ ದಿನ ಬನ್ನಿ. ಗಣಪತಿ ಕೂರಿಸಲು ಊರಿಗೆ ಬಾರದ ಹಿಂದೂ ಮನೆಯವರು ಅಪರೂಪ, ಅಂದು ಬೀಗ ಹಾಕಿದ ಮನೆಗಳೂ ತೆರೆದಿರುತ್ತವೆ.